ಊರಿಗೆ ಹೋಗುವ ಮುನ್ನ ಬಸ್ಸಿನ ವೇಳೆ ಕೇಳಿ

ಬೆಂಗಳೂರು ಬಿಟ್ಟು ಮಲೆನಾಡಿನ ಹಳ್ಳಿಗೆ ಬಂದು ನೆಲೆಸುವ ಕುಟುಂಬಗಳ ಬಗ್ಗೆ ಪತ್ರಿಕೆಗಳಲ್ಲಿ ಬರುವ ಬರಹಗಳು ಒಂದು ಮಾತನ್ನು ತಪ್ಪದೆ ಹೇಳುತ್ತವೆ: ಮಕ್ಕಳಿಗೆ ಸ್ವಾತಂತ್ರ್ಯ ಸಿಕ್ಕಿತು. ನಾಲ್ಕು ಗೋಡೆಗಳ ನಡುವೆ ಬೆಳೆಯುತ್ತಿದ್ದವರು ಈಗ ತೋಟದಲ್ಲಿ ಓಡಾಡುತ್ತಾರೆ, ಹಳ್ಳದಲ್ಲಿ ಕಾಲಿಳಿಬಿಟ್ಟು ಕೂರುತ್ತಾರೆ, ಹಕ್ಕಿಗಳ ಹೆಸರು ಕಲಿತಿದ್ದಾರೆ. ಜೊತೆಗಿರುವ ಚಿತ್ರದಲ್ಲಿ ಒಂದು ಮಗು, ಕೈಯಲ್ಲಿ ಕರು. ಆ ಮಗುವಿಗೆ ಸಾಮಾನ್ಯವಾಗಿ ಆರೇಳು ವರ್ಷ. ಅದರ ಮಟ್ಟಿಗೆ ಬರೆದದ್ದೆಲ್ಲ ನಿಜ. ಆದರೆ ಅದೇ ಮನೆಯಲ್ಲಿ ಒಂಬತ್ತನೇ ತರಗತಿ ಓದುವ ಅಕ್ಕನೋ ಅಣ್ಣನೋ ಇದ್ದರೆ ಅವರ ಮಾತು ಬರಹದಲ್ಲಿ ಕಾಣುವುದಿಲ್ಲ. ನನ್ನ ತಕರಾರು ಇರುವುದು ಈ ಕಾಣದ ಮಕ್ಕಳ ಪರವಾಗಿ.

ಹದಿಹರೆಯದ ಮಕ್ಕಳಿಗೆ ಹಳ್ಳಿ ಸ್ವಾತಂತ್ರ್ಯ ಕೊಡುತ್ತದೆ ಎಂಬ ನಂಬಿಕೆ ತಪ್ಪು. ಅವರ ಪಾಲಿಗೆ ಅದು ಇದ್ದ ಸ್ವಾತಂತ್ರ್ಯವನ್ನೂ ಕಳೆಯುತ್ತದೆ. ಆರು ವರ್ಷದ ಮಗುವಿಗೆ ಬೇಕಾದದ್ದು ಜಾಗ. ಅಂಗಳ, ಗದ್ದೆಬದು, ಕೊಟ್ಟಿಗೆ ಇಷ್ಟಿದ್ದರೆ ಅದರ ಲೋಕ ತುಂಬಿತು. ಹದಿನಾಲ್ಕರಲ್ಲಿ ಬೇಕಾದದ್ದು ಬೇರೆ: ತಾನಾಗಿ ಎಲ್ಲಿಗಾದರೂ ಹೋಗಿ ಬರಲು ದಾರಿ, ತಾನೇ ಆರಿಸಿಕೊಂಡ ಗೆಳೆಯರು, ಮನೆಯವರ ಕಣ್ಣಿಂದ ಸ್ವಲ್ಪ ಹೊತ್ತು ದೂರ ಇರುವ ಅವಕಾಶ. ಬೆಂಗಳೂರಿನಲ್ಲಿ ಈ ವಯಸ್ಸಿನ ಹುಡುಗಿ ಬಿಎಂಟಿಸಿ ಬಸ್ಸು ಹಿಡಿದು ಗೆಳತಿಯ ಮನೆಗೆ ಹೋಗುತ್ತಾಳೆ, ಕಬ್ಬನ್ ಪಾರ್ಕಿನ ಗ್ರಂಥಾಲಯಕ್ಕೆ ಹೋಗುತ್ತಾಳೆ, ಕತ್ತಲಾಗುವ ಮುಂಚೆ ಮನೆಗೆ ಬರುತ್ತಾಳೆ. ದಾರಿಯಲ್ಲಿ ಎದುರಾಗುವ ನೂರು ಜನರಲ್ಲಿ ಒಬ್ಬರಿಗೂ ಅವಳ ಅಪ್ಪನ ಹೆಸರು ಗೊತ್ತಿಲ್ಲ. ಹಳ್ಳಿಗೆ ಬಂದ ಮೇಲೆ ಟಾರು ರಸ್ತೆ ಮನೆಯಿಂದ ಎರಡು ಮೂರು ಕಿಲೋಮೀಟರು, ಬಸ್ಸು ದಿನಕ್ಕೆ ಮೂರೋ ನಾಲ್ಕೋ ಸಲ. ಶಾಲೆಗೆ, ಪೇಟೆಗೆ, ಗೆಳತಿಯ ಹುಟ್ಟುಹಬ್ಬಕ್ಕೆ, ಕೊನೆಗೆ ಒಂದು ಪೆನ್ನು ತರಲಿಕ್ಕೂ ಅವಳು ಕೇಳಬೇಕು: “ಅಪ್ಪ, ಬಿಟ್ಟು ಬರ್ತೀಯಾ?” ಅಪ್ಪನಿಗೆ ಬಿಡುವಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಈಗ ಹೀಗೆ ಬರುವವರ ಸಂಖ್ಯೆ ಹೆಚ್ಚಲು ಕಾರಣಗಳಿವೆ. 2020ರಲ್ಲಿ ಕೊರೊನಾ ಬಂದಾಗ ಊರು ಸೇರಿದ ಎಷ್ಟೋ ಜನರಿಗೆ ಮನೆಯಿಂದಲೇ ಕೆಲಸ ಮಾಡಬಹುದೆಂಬುದು ಗೊತ್ತಾಯಿತು. ಅದೇ ವರ್ಷ ರಾಜ್ಯ ಸರ್ಕಾರ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳನ್ನು ತೆಗೆದುಹಾಕಿ, ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಲು ದಾರಿ ಮಾಡಿತು. ಹೀಗಾಗಿ ತೀರ್ಥಹಳ್ಳಿ, ಸಾಗರ, ಕೊಪ್ಪ, ಶಿರಸಿಯ ಸುತ್ತಮುತ್ತ ಎರಡು ಬಗೆಯ ಕುಟುಂಬಗಳು ಬರುತ್ತಿವೆ. ಅಜ್ಜನ ಮನೆಗೆ ಮರಳುವವರು ಒಂದು ಬಗೆ, ಹೊಸದಾಗಿ ಎಕರೆಗಟ್ಟಲೆ ಕೊಂಡು ಮನೆ ಕಟ್ಟಿಸುವವರು ಇನ್ನೊಂದು. ಎರಡೂ ಬಗೆಯಲ್ಲಿ ಗಂಡ ಹೆಂಡತಿಗೆ ನಲವತ್ತು ದಾಟಿರುತ್ತದೆ. ಸಾಲ ತೀರಿ, ಒಂದಿಷ್ಟು ಹಣ ಕೂಡಿದ ಮೇಲೆ ತಾನೆ ಈ ಧೈರ್ಯ ಬರುವುದು! ಆದ್ದರಿಂದಲೇ ಅವರ ಮಕ್ಕಳು ಹನ್ನೆರಡರಿಂದ ಹದಿನಾರರ ನಡುವೆ ಇರುತ್ತಾರೆ. ಅಪ್ಪ ಅಮ್ಮಂದಿರ ಬದುಕಿಗೆ ಅತ್ಯಂತ ಸರಿಯಾದ ಹೊತ್ತು ಮಕ್ಕಳ ಬದುಕಿಗೆ ಅತ್ಯಂತ ತಪ್ಪು ಹೊತ್ತಾಗಿ ಬಿಡುತ್ತದೆ.

ಹಳ್ಳಿಗೆ ಮರಳುವ ಕನಸಿಗೆ ನಮ್ಮಲ್ಲಿ ಎರಡು ದೊಡ್ಡ ಆದರ್ಶಗಳಿವೆ. ಒಂದು, 1972ರ ‘ಬಂಗಾರದ ಮನುಷ್ಯ’. ಆ ಚಿತ್ರ ನೋಡಿ ನಗರದ ಕೆಲಸ ಬಿಟ್ಟು ನೇಗಿಲು ಹಿಡಿದವರ ಕಥೆಗಳನ್ನು ಈಗಲೂ ಹೇಳುತ್ತಾರೆ. ಇನ್ನೊಂದು, ಮೂಡಿಗೆರೆಗೆ ಬಂದು ತೋಟ ಮಾಡಿದ ಪೂರ್ಣಚಂದ್ರ ತೇಜಸ್ವಿ. ಮಕ್ಕಳನ್ನು ಕರೆದುಕೊಂಡು ಊರಿಗೆ ಹೊರಟವರ ಬಾಯಲ್ಲಿ ತೇಜಸ್ವಿಯವರ ಹೆಸರು ಬಂದೇ ಬರುತ್ತದೆ. ಆದರೆ ಈ ಎರಡನ್ನೂ ಒಮ್ಮೆ ಸರಿಯಾಗಿ ನೋಡಬೇಕು. ಚಿತ್ರದ ನಾಯಕ ರಾಜೀವ ಪ್ರಾಯಕ್ಕೆ ಬಂದ ಗಂಡಸು. ತನ್ನ ಬದುಕಿನ ದಾರಿಯನ್ನು ತಾನೇ ಆರಿಸಿಕೊಂಡವನು. 1938ರಲ್ಲಿ ಹುಟ್ಟಿದ ತೇಜಸ್ವಿ ಓದು ಮುಗಿಸಿ, ಇಪ್ಪತ್ತರ ಹರೆಯದಲ್ಲಿ, ತಮ್ಮ ಇಷ್ಟದಿಂದ ಕಾಡಿನಂಚಿಗೆ ಹೋದರು. ಅವರ ಹೆಣ್ಣುಮಕ್ಕಳಿಬ್ಬರಿಗೂ ಅದು ಮೊದಲಿನಿಂದ ಕಂಡ ಊರು. ತೇಜಸ್ವಿಯವರ ತಂದೆ ಕುವೆಂಪು ನಡೆದ ದಾರಿ ಇದಕ್ಕೆ ಪೂರ್ತಿ ಎದುರಿನದು: ಕುಪ್ಪಳಿಯಿಂದ ತೀರ್ಥಹಳ್ಳಿಯ ಶಾಲೆಗೆ, ಅಲ್ಲಿಂದ ಹದಿಹರೆಯದಲ್ಲಿ ಮೈಸೂರಿಗೆ. ಹದಿನಾಲ್ಕರ ವಯಸ್ಸಿನಲ್ಲಿ, ಬೇರೆಯವರ ತೀರ್ಮಾನದ ಮೇಲೆ, ನಗರದಿಂದ ಹಳ್ಳಿಗೆ ಬಂದವರು ಇವರಲ್ಲಿ ಯಾರೂ ಇಲ್ಲ. ದೊಡ್ಡವರ ಆಯ್ಕೆಯ ಕಥೆಯನ್ನು ಆಯ್ಕೆಯೇ ಇಲ್ಲದ ಮಕ್ಕಳಿಗೆ ಮಾದರಿಯೆಂದು ಕೊಡುವುದು ಸರಿಯಲ್ಲ.

ಕುವೆಂಪು ಅವರ ದಾರಿ ಅವರೊಬ್ಬರದೇ ಆಗಿರಲಿಲ್ಲ. ಮಲೆನಾಡಿನ ಹಳ್ಳಿ ತನ್ನ ಹದಿಹರೆಯದ ಮಕ್ಕಳನ್ನು ತಲೆಮಾರುಗಳಿಂದ ಹೊರಗೆ ಕಳಿಸುತ್ತಲೇ ಬಂದಿದೆ. ಪ್ರಾಥಮಿಕ ಶಾಲೆ ಊರಲ್ಲಿ, ಹೈಸ್ಕೂಲು ಹೋಬಳಿಯಲ್ಲೋ ಪೇಟೆಯಲ್ಲೋ, ಪಿಯುಸಿಗೆ ಇನ್ನೂ ದೂರ. ಅತ್ತೆಯ ಮನೆ, ಸೋದರಮಾವನ ಮನೆ, ಜಾತಿಯ ಹಾಸ್ಟೆಲ್ಲು, ಮಠದ ವಿದ್ಯಾರ್ಥಿ ನಿಲಯ, ಈಗ ಮೂಡುಬಿದಿರೆ, ಉಜಿರೆ, ಶಿವಮೊಗ್ಗದ ವಸತಿ ಕಾಲೇಜು. ಹಳ್ಳಿಯಲ್ಲೇ ಹುಟ್ಟಿ ಬೆಳೆದ, ತೋಟದ ಒಂದೊಂದು ಮರವನ್ನೂ ಬಲ್ಲ ತಂದೆ ತಾಯಂದಿರು ಹದಿನೈದು ತುಂಬಿದ ಮಗಳ ಟ್ರಂಕು ಹೊತ್ತು ಹಾಸ್ಟೆಲ್ಲಿಗೆ ಬಿಟ್ಟು ಬರುತ್ತಾರೆ. ಆ ವಯಸ್ಸಿಗೆ ಬೇಕಾದದ್ದು ತಮ್ಮಲ್ಲಿಲ್ಲ ಎಂದು ಹಳ್ಳಿಗೆ ಗೊತ್ತು. ಆ ಅರಿವಿನ ಹಿಂದೆ ಎಷ್ಟೋ ತಾಯಂದಿರ ಕಣ್ಣೀರಿದೆ, ಸಾಲವಿದೆ. ನಗರದಿಂದ ಬರುವವರು ಹಳ್ಳಿಯ ವಿವೇಕವನ್ನು ಬಹಳ ಹೊಗಳುತ್ತಾರೆ. ಈ ಒಂದು ವಿಷಯದಲ್ಲಿ ಅದನ್ನು ಕೇಳಿಸಿಕೊಳ್ಳುವುದಿಲ್ಲ.

ಇದರ ಪರಿಣಾಮ ನಗರದಿಂದ ಬಂದ ಮಗುವಿನ ಮೇಲೆ ನೇರವಾಗಿ ಆಗುತ್ತದೆ. ಅದು ಬಂದಿಳಿಯುವ ಹೊತ್ತಿಗೆ ಅದರ ವಯಸ್ಸಿನವರು ಊರು ಬಿಡುತ್ತಿರುತ್ತಾರೆ. ಸುತ್ತ ಹತ್ತು ಮನೆಗಳಲ್ಲಿ ಅಜ್ಜ, ಅಜ್ಜಿ, ನಡುವಯಸ್ಸಿನ ಗಂಡ ಹೆಂಡತಿ. ಜೊತೆಗಾರರು ಹಬ್ಬಕ್ಕೆ, ರಜೆಗೆ ಮಾತ್ರ ಬರುತ್ತಾರೆ. ಚಿಕ್ಕಂದಿನಿಂದ ಒಟ್ಟಿಗೆ ಆಡಿದವರ ಗುಂಪಿಗೆ ರಜೆಯಲ್ಲಿ ಸೇರಿಕೊಳ್ಳುವುದೂ ಸುಲಭವಲ್ಲ. ಹಳ್ಳಿಯವರು ಒಳ್ಳೆಯವರಲ್ಲ ಎಂದು ನಾನು ಹೇಳುತ್ತಿಲ್ಲ. ಹಲಸಿನ ಹಪ್ಪಳ, ಮಾವಿನ ಮಿಡಿ ಉಪ್ಪಿನಕಾಯಿ ತಂದುಕೊಟ್ಟು ಮಾತಾಡಿಸಿ ಹೋಗುತ್ತಾರೆ. ಅದರಿಂದ ತಾಯಿಗೆ ಜೊತೆ ಸಿಕ್ಕಿತು, ಮಗಳಿಗೆ ಸಿಗಲಿಲ್ಲ.

ಶಾಲೆಯ ಬಾಗಿಲುಗಳೂ ಆ ವಯಸ್ಸಿಗೆ ಮುಚ್ಚಿರುತ್ತವೆ. ಗ್ರಾಮೀಣ ಮಕ್ಕಳಿಗೆಂದೇ ಇರುವ ಒಳ್ಳೆಯ ವ್ಯವಸ್ಥೆಗಳೆಲ್ಲ ಆರನೇ ತರಗತಿಯಲ್ಲಿ ಶುರುವಾಗುತ್ತವೆ. ಜವಾಹರ ನವೋದಯ ವಿದ್ಯಾಲಯದಲ್ಲಿ ಕನಿಷ್ಠ ಶೇ 75ರಷ್ಟು ಸೀಟು ಹಳ್ಳಿ ಮಕ್ಕಳಿಗೆ. ಆದರೆ ಮೂರು, ನಾಲ್ಕು, ಐದನೇ ತರಗತಿಗಳನ್ನು ಹಳ್ಳಿಯಲ್ಲೇ ಓದಿರಬೇಕು. ಒಂಬತ್ತಕ್ಕೆ ಸೇರುವುದಾದರೆ ಖಾಲಿ ಉಳಿದ ಕೆಲವೇ ಸೀಟಿಗೆ ಪೈಪೋಟಿ. ಮೊರಾರ್ಜಿ ದೇಸಾಯಿ ವಸತಿ ಶಾಲೆಗೂ ಆರಕ್ಕೇ ಪ್ರವೇಶ ಪರೀಕ್ಷೆ. ಹಳ್ಳಿಗೆ ಬಂದರೆ ಸಿಇಟಿಯಲ್ಲಿ ಗ್ರಾಮೀಣ ಮೀಸಲಾತಿ ಸಿಗುತ್ತದೆಂದು ಲೆಕ್ಕ ಹಾಕುವವರನ್ನೂ ಕಂಡಿದ್ದೇನೆ. ಆ ಮೀಸಲಾತಿಗೆ ಒಂದರಿಂದ ಹತ್ತರವರೆಗೆ ಪೂರ್ತಿ ಹತ್ತು ವರ್ಷ ಹಳ್ಳಿಯಲ್ಲಿ ಓದಿರಬೇಕು. ಹದಿಮೂರರಲ್ಲಿ ಬಂದ ಮಗುವನ್ನು ಸರ್ಕಾರ ಹಳ್ಳಿಯ ಮಗುವೆಂದು ಎಣಿಸುವುದಿಲ್ಲ. ಇನ್ನು ಸಿಬಿಎಸ್‌ಇಯಲ್ಲಿ ಕನ್ನಡವನ್ನು ಮೂರನೇ ಭಾಷೆಯಾಗಿ ಓದುತ್ತಿದ್ದವನು ಎಸ್ಸೆಸ್ಸೆಲ್ಸಿಯಲ್ಲಿ 125 ಅಂಕದ ಪ್ರಥಮ ಭಾಷೆ ಕನ್ನಡಕ್ಕೆ ಕೂರಬೇಕಾದಾಗ ಹಳಗನ್ನಡದ ಪದ್ಯದ ಮುಂದೆ ಕಣ್ಣು ಕತ್ತಲೆಯಾಗುತ್ತದೆ.

ಆದರೂ ಅಂಕಗಳ ಚಿಂತೆಯನ್ನು ನಾನು ಹೆಚ್ಚು ಹಿಗ್ಗಿಸುವುದಿಲ್ಲ. ‘ಮಕ್ಕಳ ಓದು ಹಾಳಾಗುತ್ತದೆ’ ಎಂದು ಹೆದರಿಸುವವರು ಎಲ್ಲ ಕಡೆ ಇದ್ದಾರೆ. ಅವರ ಮಾತೂ ಅರ್ಧ ಮಾತ್ರ ಸರಿ. ಹಳ್ಳಿಯ ಸರ್ಕಾರಿ ಹೈಸ್ಕೂಲುಗಳಲ್ಲಿ ಜೀವ ತೇಯ್ದು ಕಲಿಸುವ ಮೇಷ್ಟ್ರುಗಳಿದ್ದಾರೆ. ಒಂದು ವರ್ಷ ಹಿಂದೆ ಬಿದ್ದ ಮಗು ಮುಂದಿನ ವರ್ಷ ಎದ್ದು ಬರುತ್ತದೆ. ಹದಿನಾಲ್ಕರಿಂದ ಹದಿನೇಳರವರೆಗೆ ತನ್ನ ಕಾಲ ಮೇಲೆ ತಾನು ಓಡಾಡದೆ ಬೆಳೆದ ಮಗು ಏನು ಕಳೆದುಕೊಂಡಿತೆಂದು ಯಾವ ಅಂಕಪಟ್ಟಿಯೂ ತೋರಿಸುವುದಿಲ್ಲ. ಈ ಹೆದರಿಸುವವರೂ, ಆ ಹೊಗಳುವವರೂ ಒಂದು ವಿಷಯದಲ್ಲಿ ಒಂದೇ: ಮಕ್ಕಳನ್ನು ಕೇಳುವುದಿಲ್ಲ.

ಹುಡುಗಿಯರ ಮಾತು ಬೇರೆಯಾಗಿಯೇ ಹೇಳಬೇಕು. ಹಳ್ಳಿಯ ರಸ್ತೆಯಲ್ಲಿ ಒಬ್ಬಳೇ ನಡೆದರೆ ಹತ್ತು ಹೆಜ್ಜೆಗೊಬ್ಬರು ಕೇಳುತ್ತಾರೆ: “ಯಾರ ಮನೆ ಹುಡುಗಿ ಮಾರಾಯ್ತಿ?”, “ಒಬ್ಬಳೇ ಹೊರಟ್ಯನೇ? ಅಪ್ಪ ಎಲ್ಲಿ?” ಕೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನಿಲ್ಲ, ಅಕ್ಕರೆಯೇ ಇದೆ. ಆದರೆ ಸಂಜೆ ಅವಳು ಮನೆ ಮುಟ್ಟುವ ಮೊದಲೇ ಅವಳು ಯಾರ ಜೊತೆ ನಿಂತಿದ್ದಳು, ಯಾವ ಬಟ್ಟೆ ಹಾಕಿದ್ದಳು ಎಂಬುದು ಮನೆ ಮುಟ್ಟಿರುತ್ತದೆ. ನಗರದಲ್ಲಿ ಮಗಳ ಗೆಳೆಯರನ್ನು ಸಹಜವಾಗಿ ಮಾತಾಡಿಸುತ್ತಿದ್ದ ತಾಯಿ ಇಲ್ಲಿ ನಾಲ್ಕು ಜನ ಏನೆನ್ನುತ್ತಾರೋ ಎಂದು ಅಳುಕುತ್ತಾಳೆ. ಮುಟ್ಟಿನ ದಿನಗಳಲ್ಲಿ ಪಕ್ಕದ ಮನೆಯ ಊಟಕ್ಕೆ ಹೋಗಬಾರದೆಂಬುದನ್ನು ಆ ಹುಡುಗಿ ಮೊದಲ ಸಲ ಇಲ್ಲಿ ಕೇಳುತ್ತಾಳೆ. ಹಳ್ಳಿಗಾಡಿನ 14ರಿಂದ 18 ವಯಸ್ಸಿನ ಮಕ್ಕಳ ಬಗ್ಗೆ ದೇಶದ 28 ಜಿಲ್ಲೆಗಳಲ್ಲಿ ನಡೆದ 2023ರ ಅಸರ್ ಸಮೀಕ್ಷೆ ಹೇಳುವುದಿಷ್ಟು: ಸ್ಮಾರ್ಟ್‌ಫೋನ್ ಬಳಸಲು ಬರುವ ಹುಡುಗರಲ್ಲಿ ಶೇ 43.7 ಮಂದಿಗೆ ಸ್ವಂತ ಫೋನಿದೆ, ಹುಡುಗಿಯರಲ್ಲಿ ಶೇ 19.8 ಮಂದಿಗೆ ಮಾತ್ರ. ಒಂದು ಫೋನಿನ ವಿಷಯದಲ್ಲೇ ಇಷ್ಟು ಅಂತರವಿದ್ದರೆ ಸಂಜೆ ಏಳಕ್ಕೆ ಹೊರಗಿರುವ ಹಕ್ಕಿನ ವಿಷಯದಲ್ಲಿ ಎಷ್ಟಿರಬಹುದು?

ಹುಡುಗರಿಗೆ ಓಡಾಟ ಸಿಗುತ್ತದೆ, ಆದರೆ ಅದರ ದಾರಿ ಅಪಾಯದ್ದು. ಗೇರ್ ಇರುವ ಬೈಕಿಗೆ ಹದಿನೆಂಟು ತುಂಬದೆ ಲೈಸೆನ್ಸ್ ಇಲ್ಲ. ಅಪ್ರಾಪ್ತರ ಕೈಗೆ ಗಾಡಿ ಕೊಟ್ಟ ಪೋಷಕರಿಗೆ 2019ರ ತಿದ್ದುಪಡಿಯ ನಂತರ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಆದರೂ ಹಳ್ಳಿಯಲ್ಲಿ ಹದಿನೈದರ ಹುಡುಗ ಬೈಕಿನಲ್ಲಿ ಪೇಟೆಗೆ ಹೋಗಿ ಬರುವುದು ದಿನದ ನೋಟ. ಬಸ್ಸಿಲ್ಲದಿದ್ದರೆ ಇನ್ನೇನು ಮಾಡಲಿ ಎಂಬ ಅವನ ಪ್ರಶ್ನೆಗೆ ಯಾರ ಬಳಿಯೂ ಉತ್ತರವಿಲ್ಲ. ಇದರ ಜೊತೆಗೆ ಇನ್ನೊಂದು ಭಾರ ಅವನ ಹೆಗಲೇರುತ್ತದೆ. “ತೋಟ ನೋಡ್ಕೊಳ್ಳೋಕೆ ಮಗ ಇದ್ದಾನಲ್ಲ” ಎಂದು ನೆಂಟರು ಅವನ ಎದುರೇ ಹೇಳುತ್ತಾರೆ. ಎಲೆಚುಕ್ಕಿ ರೋಗ, ಹಳದಿ ಎಲೆ ರೋಗ ಅಡಿಕೆ ತೋಟಗಳನ್ನು ಹಾಳು ಮಾಡುತ್ತಿರುವ ಈ ಕಾಲದಲ್ಲಿ, ತಾನು ಕೇಳದ ತೋಟದ ವಾರಸುದಾರಿಕೆಯನ್ನು ಅವನು ಹದಿನೈದರಲ್ಲೇ ಹೊರಬೇಕು. ಹಳ್ಳಿಯಲ್ಲಿ ಉಳಿದ ಗಂಡುಮಕ್ಕಳ ಪಾಡು ಅವನಿಗೂ ಕಾಣುತ್ತದೆ. 2023ರ ಫೆಬ್ರವರಿಯಲ್ಲಿ ಮಂಡ್ಯದ ಕಡೆಯ ಅವಿವಾಹಿತ ರೈತ ಯುವಕರು ಹೆಣ್ಣು ಸಿಗಲೆಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟಿದ್ದನ್ನು ಎಷ್ಟೋ ಜನ ತಮಾಷೆಯ ಸುದ್ದಿಯಾಗಿ ಓದಿದರು. ನನಗೆ ಅದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ. ಆ ಊರುಗಳ ಹೆಣ್ಣುಮಕ್ಕಳು ಯಾಕೆ ಅಲ್ಲಿ ಇರಲು ಒಪ್ಪುತ್ತಿಲ್ಲ ಎಂದು ಕೇಳಿಕೊಂಡರೆ ಮತ್ತೆ ಸ್ವಾತಂತ್ರ್ಯದ ಇದೇ ಮಾತಿಗೆ ಬರುತ್ತೇವೆ.

‘ಊರಿಗೆ ಮರಳೋಣ’ ಎಂಬ ಕರೆ ಯಾರ ಬಾಯಿಂದ ಬರುತ್ತದೆ ಎಂಬುದನ್ನೂ ನೋಡಬೇಕು. ತೋಟ, ಹೆಂಚಿನ ಮನೆ, ಕುಲದೇವರ ಗುಡಿ ಇರುವವರ ಕರೆ ಅದು. ಕೇರಿಯಿಂದ ಹೊರಟು ಬೆಂಗಳೂರಿನಲ್ಲಿ ಗುಮಾಸ್ತನೋ ಚಾಲಕನೋ ಆಗಿ, ಮಕ್ಕಳನ್ನು ಯಾರೂ ಜಾತಿ ಕೇಳದ ತರಗತಿಯಲ್ಲಿ ಕೂರಿಸಿದ ತಂದೆಗೆ ಈ ಕರೆ ಬೇರೆಯೇ ರೀತಿ ಕೇಳಿಸುತ್ತದೆ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಹಳ್ಳಿಯನ್ನು ಕೊಂಡಾಡುವವರಿಗೆ ಕಟುವಾಗಿಯೇ ಉತ್ತರ ಕೊಟ್ಟಿದ್ದರು. ಆ ಉತ್ತರ ಮಲೆನಾಡಿನ ಎಷ್ಟೋ ಊರುಗಳಲ್ಲಿ ಇವತ್ತಿಗೂ ಹಳೆಯದಾಗಿಲ್ಲ. ಆ ತಂದೆಯ ಹದಿನೈದರ ಮಗ ಊರಿಗೆ ಬಂದರೆ, ಯಾರ ಮನೆಯ ಜಗಲಿಯವರೆಗೆ ಹೋಗಬಹುದು, ಯಾರ ಮನೆಯ ಅಡುಗೆಮನೆ ದಾಟಬಾರದು ಎಂಬುದನ್ನು ಅವನು ಕಲಿಯಬೇಕಾಗುತ್ತದೆ. ಮೇಲುಜಾತಿಯ ಮನೆಯ ಮಗು ಕಲಿಯುವುದೂ ಅದನ್ನೇ, ಇನ್ನೊಂದು ತುದಿಯಿಂದ. ತರಗತಿಯಲ್ಲಿ ಪಕ್ಕದಲ್ಲಿ ಕೂರುವ ಗೆಳೆಯನನ್ನು ಮನೆಗೆ ಕರೆದ ದಿನ ಅಜ್ಜಿಯ ಮುಖ ನೋಡಿ ಅದಕ್ಕೆ ಅರ್ಥವಾಗುತ್ತದೆ. ಹಳ್ಳಿ ಮಕ್ಕಳಿಗೆ ಬೇರುಗಳನ್ನು ಕೊಡುತ್ತದೆ ಎನ್ನುವವರು ಈ ಬೇರನ್ನು ಹೆಸರಿಸಲೇಬೇಕು.

ಹಳ್ಳಿ ಕೊಡುವುದು ಏನೂ ಇಲ್ಲವೇ? ಇದೆ. ಕೈಕೆಲಸ ಗೌರವದ ಕೆಲಸವೆಂದು ಕಣ್ಣಾರೆ ಕಾಣುವುದು, ಅಪ್ಪ ಅಮ್ಮನನ್ನು ದಿನವಿಡೀ ಹತ್ತಿರದಿಂದ ನೋಡುವುದು, ಮಳೆಗಾಲದ ನಾಲ್ಕು ತಿಂಗಳು ಏನೆಂದು ಮೈಮೇಲೆ ಅನುಭವಿಸುವುದು, ಇವೆಲ್ಲ ದೊಡ್ಡ ಗಳಿಕೆ. ಹದಿಹರೆಯದವರನ್ನು ಒಳಗೆ ಕರೆದುಕೊಂಡ ಊರುಗಳೂ ಇವೆ. ಸಾಗರದ ಹತ್ತಿರದ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ ಇದೆ. ಅಲ್ಲಿ ಬೆಳೆಯುವ ಹುಡುಗಿಗೆ ನಾಟಕ ನೋಡಲು, ಮಾಡಲು, ನಾಡಿನ ಮೂಲೆ ಮೂಲೆಯಿಂದ ಬಂದ ಅಪರಿಚಿತರ ಜೊತೆ ಮಾತಾಡಲು ಊರಲ್ಲೇ ಜಾಗವಿದೆ. ಉಡುಪಿಯ ಹೈಸ್ಕೂಲುಗಳಲ್ಲಿ ಯಕ್ಷಗಾನ ಕಲಿಸುತ್ತಾರೆ; ಹುಡುಗ ಹುಡುಗಿಯರು ಗೆಜ್ಜೆ ಕಟ್ಟಿ ರಂಗಕ್ಕೆ ಬರುತ್ತಾರೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ‘ಓದುವ ಬೆಳಕು’ ಕಾರ್ಯಕ್ರಮದಿಂದ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿದ ಮೇಲೆ ಕೆಲವು ಊರುಗಳಲ್ಲಿ ಸಂಜೆಯ ಹೊತ್ತು ಅವು ನಿಜವಾಗಿಯೂ ತುಂಬಿರುತ್ತವೆ. ಇಂಥ ಊರು ಆರಿಸುವುದಕ್ಕೂ, ಕಣಿವೆಯ ನೋಟ ಚೆನ್ನಾಗಿದೆಯೆಂದು ಮಣ್ಣುರಸ್ತೆಯ ಕೊನೆಯಲ್ಲಿ ಮನೆ ಕಟ್ಟುವುದಕ್ಕೂ ಮಕ್ಕಳ ಮಟ್ಟಿಗೆ ಅಜಗಜಾಂತರ.

ಆದ್ದರಿಂದ ಹೊರಟವರಿಗೆ ನಾನು ಹೇಳುವುದು ಇದು. ಆಗುವುದಾದರೆ ಮಗು ಐದನೇ ತರಗತಿ ಮುಗಿಸುವ ಮೊದಲೇ ಬನ್ನಿ. ಅದು ದಾಟಿದ್ದರೆ, ಹತ್ತನೆಯ ತರಗತಿಯನ್ನು ಇದ್ದಲ್ಲೇ ಮುಗಿಸಲು ಬಿಟ್ಟು ಬನ್ನಿ. ನಡುವೆ ಬರಲೇಬೇಕಾದ ಕಷ್ಟ ಬಂದರೆ, ವಯಸ್ಸಾದ ತಾಯಿಯ ಆರೈಕೆ, ಕೆಲಸ ಹೋಗಿರುವುದು, ಇಂಥ ಕಾರಣಗಳಿಗೆ ಯಾರೂ ಎದುರು ಹೇಳಲಾರರು. ಆಗ ತಾಲ್ಲೂಕು ಕೇಂದ್ರದಲ್ಲೋ ಹೋಬಳಿಯ ಪೇಟೆಯಲ್ಲೋ ಮನೆ ಮಾಡಿ, ತೋಟಕ್ಕೆ ನೀವು ಓಡಾಡಿ. ದಿನಕ್ಕೆ ಇಪ್ಪತ್ತು ಕಿಲೋಮೀಟರು ಹೋಗಿ ಬರುವುದು ನಲವತ್ತೈದರ ಅಪ್ಪನಿಗೆ ಕಷ್ಟವಲ್ಲ. ಮಗಳಿಗೆ ಅದರಿಂದ ನಡೆದು ಹೋಗುವ ದೂರದಲ್ಲಿ ಶಾಲೆ, ಗೆಳತಿ, ಬಸ್‌ಸ್ಟ್ಯಾಂಡು ಸಿಗುತ್ತವೆ. ಹೊರಡುವ ಮುನ್ನ ಮಗುವಿನ ಒಪ್ಪಿಗೆ ಕೇಳಿ. ಕೇಳುವುದೆಂದರೆ ಬೇಡವೆಂದರೆ ನಿಲ್ಲಿಸಲು ತಯಾರಿರುವುದು. ಜಮೀನಿನ ಪಹಣಿಯಾದ ಮೇಲೆ ಕೇಳುವುದು ಕೇಳಿದಂತಾಗುವುದಿಲ್ಲ.

ಬಂದಾಯಿತು, ಈಗ ಏನು ಮಾಡಬೇಕು ಎನ್ನುವವರೂ ಇದ್ದಾರೆ. ಅವರಿಗಾಗಿ ಬಸ್ಸಿನ ಮಾತಿಗೆ ಬರುತ್ತೇನೆ. ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ ಕಡೆಯ ಹಳ್ಳಿಗಳಿಗೆ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸುಗಳು. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಬೇಡವೆಂದು ಶಕ್ತಿ ಯೋಜನೆ ಹೇಳಿತು. ಸರ್ಕಾರಿ ಬಸ್ಸೇ ಬಾರದ ದಾರಿಯ ಹುಡುಗಿಗೆ ಅದರಿಂದ ಬಂದದ್ದೇನಿಲ್ಲ. ಕೊಪ್ಪದಲ್ಲಿ 1991ರಲ್ಲಿ ಕಾರ್ಮಿಕರೇ ಸೇರಿ ಕಟ್ಟಿದ ಸಹಕಾರ ಸಾರಿಗೆ ಮೂಲೆಯ ಊರುಗಳಿಗೂ ಬಸ್ಸು ಓಡಿಸುತ್ತಿತ್ತು, ವಿದ್ಯಾರ್ಥಿಗಳಿಗೆ ರಿಯಾಯಿತಿ ಪಾಸು ಕೊಡುತ್ತಿತ್ತು. 2020ರಲ್ಲಿ ಅದೂ ನಿಂತುಹೋಯಿತು. ಎಂಟನೇ ತರಗತಿಯ ಮಕ್ಕಳಿಗೆ 2006-07ರಿಂದ ಕೊಡುತ್ತಿದ್ದ ಸೈಕಲ್ಲು ಕೊರೊನಾ ಕಾಲದಲ್ಲಿ ನಿಂತುಹೋಯಿತು. ಮಕ್ಕಳ ಗ್ರಾಮಸಭೆಗಳಲ್ಲಿ ಮಕ್ಕಳು ಬಾಯಿಬಿಟ್ಟು ಕೇಳುವ ಬೇಡಿಕೆಗಳಲ್ಲಿ ಶಾಲೆಯ ಹೊತ್ತಿಗೆ ಬಸ್ಸು ಬೇಕೆಂಬುದು ಸದಾ ಇರುತ್ತದೆ.

ನಗರದಿಂದ ಬಂದ ಮನೆಯವರು ಈ ತೊಂದರೆಗೆ ತಮ್ಮ ಮಟ್ಟಿಗೆ ಕಾರಿನ ಪರಿಹಾರ ಕಂಡುಕೊಳ್ಳುತ್ತಾರೆ. ಬೆಳಿಗ್ಗೆ ಮಗಳನ್ನು ಕಾರಿನಲ್ಲಿ ಬಿಡುವುದು, ಸಂಜೆ ಕರೆತರುವುದು. ಹೀಗೆ ನಾಲ್ಕು ಮನೆಯವರು ಕಾರು ಹಿಡಿದರೆ ಆ ದಾರಿಯ ಬಸ್ಸಿಗೆ ನಾಲ್ಕು ಟಿಕೆಟ್ ಕಡಿಮೆ. ಕಲೆಕ್ಷನ್ ಇಲ್ಲವೆಂದು ಮಾಲೀಕ ಸಂಜೆಯ ಟ್ರಿಪ್ ನಿಲ್ಲಿಸುತ್ತಾನೆ. ಕಾರಿಲ್ಲದ ಮನೆಯ ಹುಡುಗಿ ಕೊನೆಯ ಪೀರಿಯಡ್ ಬಿಟ್ಟು ಮೂರೂವರೆಯ ಬಸ್ಸಿಗೆ ಓಡುತ್ತಾಳೆ, ಇಲ್ಲವೇ ಹತ್ತನೇ ತರಗತಿಯ ನಂತರ ಮನೆಯಲ್ಲೇ ಉಳಿಯುತ್ತಾಳೆ. ಅಸರ್ ಸಮೀಕ್ಷೆಯಲ್ಲಿ 14 ವರ್ಷದವರಲ್ಲಿ ಎಲ್ಲೂ ಓದಲು ದಾಖಲಾಗದವರು ಶೇ 3.9 ಇದ್ದದ್ದು 18ರ ಹೊತ್ತಿಗೆ ಶೇ 32.6 ಆಗುತ್ತದೆ. ಅದರ ಕಾರಣಗಳು ಹಲವು. ಅದರಲ್ಲಿ ದೂರವೂ ಒಂದೆಂಬುದು ಹಳ್ಳಿಯಲ್ಲಿ ಇದ್ದವರಿಗೆಲ್ಲ ಗೊತ್ತು.

ಹೊಸದಾಗಿ ಬಂದವರಿಗೆ ಅರ್ಜಿ ಬರೆಯಲು ಬರುತ್ತದೆ, ಅಧಿಕಾರಿಗಳ ಎದುರು ಕೂತು ಮಾತಾಡಲು ಅಂಜಿಕೆಯಿಲ್ಲ, ಶಾಸಕರ ಕಚೇರಿಗೆ ನಾಲ್ಕು ಸಲ ಅಲೆಯುವಷ್ಟು ಬಿಡುವಿದೆ. ಊರವರಲ್ಲಿ ಎಷ್ಟೋ ಜನರಿಗೆ ಇದು ಇಲ್ಲ. ಆರ್‌ಟಿಒಗೆ, ಡಿಪೊ ಮ್ಯಾನೇಜರರಿಗೆ, ಪಂಚಾಯಿತಿಗೆ ಊರಿನ ಎಲ್ಲ ಮನೆಗಳ ಸಹಿ ಹಾಕಿಸಿ, ಶಾಲೆಯ ಹಾಜರಿ ಪುಸ್ತಕದಿಂದ ಮಕ್ಕಳ ಲೆಕ್ಕ ಬರೆದು, ಬೆಳಿಗ್ಗೆ ಎಂಟಕ್ಕೊಂದು ಸಂಜೆ ಐದೂವರೆಗೊಂದು ಬಸ್ಸು ಕೇಳಲಿ. ಬಸ್ಸು ಬಂದ ಮೇಲೆ ತಮ್ಮ ಮಗಳನ್ನೂ ಅದರಲ್ಲೇ ಕಳಿಸಲಿ. ಅವಳು ಆ ಬಸ್ಸಿನಲ್ಲಿ ಊರಿನ ಇತರ ಹುಡುಗಿಯರ ಪಕ್ಕ ಕೂತು, ಕಂಡಕ್ಟರಿಗೆ ತಾನೇ ದುಡ್ಡು ಕೊಟ್ಟು, ಪೇಟೆಯಲ್ಲಿ ಅರ್ಧ ಗಂಟೆ ಹೆಚ್ಚಿಗೆ ನಿಂತು, ಯಾರನ್ನೂ ಕೇಳದೆ ಮನೆಗೆ ಬರುವಂತಾಗಲಿ.